ಎದುರು ಹೋಟೆಲಿನ ಗೋವಿಂದರಾಜು

ಇಂಥ ಕತೆಯನ್ನು ಯಾವುದಾದರೂ ಗಾದೆಯ ಕಿವಿ ಹಿಂಡಿ ಶುರುಮಾಡುವುದು ವಾಡಿಕೆ. ಆದರೆ ನಮ್ಮ ಹಿರಿಯರು ಗಾದೆ ಕಟ್ಟುತ್ತಿದ್ದ ಕಾಲಕ್ಕೆ ಪಾಸ್‌ಪೋರ್ಟ್ ಇರಲಿಲ್ಲ. ಪರದೇಶದಲ್ಲಿ ಕೆಟ್ಟ ಹೋಟೆಲಿಗೆ ಬಿದ್ದವನ ಬಗ್ಗೆ ಅವರು ಏನನ್ನೂ ಹೇಳಿಟ್ಟು ಹೋಗಿಲ್ಲ. ಆದ್ದರಿಂದ ನೇರವಾಗಿ ಕತೆಗೇ ಬರಬೇಕು. ಕತೆ ಎಂದರೂ ನಡೆದದ್ದೇ. ನಂಬದವರು ತುಮಕೂರಿನ ಬಟವಾಡಿಯಲ್ಲಿಳಿದು ‘ಫ್ಲೆಕ್ಸ್ ಗೋವಿಂದರಾಜು ಮನೆ’ ಎನ್ನಲಿ. ಆಟೋದವರು ಮೀಟರ್ ಹಾಕದೆ ತಂದು ಬಿಡುತ್ತಾರೆ. ಹೇಗೂ ಹಾಕುವುದಿಲ್ಲ.

ಗೋವಿಂದರಾಜು ಒಂದು ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ದರ್ಜೆಯೇನೋ ಪ್ರಥಮವೇ, ಸಹಾಯ ಮಾತ್ರ ಇನ್ನೂ ಯಾರಿಗೂ ಆಗಿಲ್ಲ ಎಂದು ಸಹೋದ್ಯೋಗಿಗಳು ಹೇಳುವುದುಂಟು. ಹೆಂಡತಿ ಕೋಮಲಾ ಗುಬ್ಬಿಯವಳು. ಹೋದ ವರ್ಷ ಅವಳ ತಾಯಿ ಗಿರಿಯಮ್ಮ ತೀರಿಕೊಂಡರು. ಕೋಮಲಾ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದಳು, ನೀರು ಕೊಟ್ಟಳು, ತಿಥಿಯ ದಿನ ಪಂಕ್ತಿಗೆಲ್ಲ ತಾನೇ ನಿಂತು ಬಡಿಸಿದಳು. ಅವಳ ಸೋದರತ್ತೆ ಚಿಕ್ಕಮಾರಮ್ಮ ಊಟ ಮಾಡುತ್ತಲೇ, “ಹೆತ್ತವ್ವ ಹೋದ್ರೂ ಕಣ್ಣಾಗೆ ಒಂದನಿ ನೀರಿಲ್ಲ ಕಣ್ರವ್ವ. ಇನ್ನೊಂದ್ ಚೂರು ಪಾಯ್ಸ ಬುಡು,” ಎಂದರು. ಕೋಮಲಾ ಬಿಟ್ಟಳು.

ಅಂದಿನಿಂದ ಅವಳು ಅಳಲಿಲ್ಲ, ನಗಲೂ ಇಲ್ಲ. ಅಡುಗೆಗೆ ಉಪ್ಪು ಸರಿಯಾಗಿ ಬೀಳುತ್ತಿತ್ತು, ಮಾತಿಗೆ ಬೀಳುತ್ತಿರಲಿಲ್ಲ. ಗೋವಿಂದರಾಜು ತನಗೆ ತಿಳಿದ ಜೋಕುಗಳನ್ನೆಲ್ಲ ಹೇಳಿ ನೋಡಿದ. ಅವಳು ಕರೆಂಟ್ ಬಿಲ್ ಕೇಳಿಸಿಕೊಂಡಂತೆ ಕೇಳಿಸಿಕೊಂಡು, “ಹೂಂ,” ಎನ್ನುತ್ತಿದ್ದಳು. ಕೊನೆಗೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಡಾಕ್ಟರು ಅವಳ ನಾಲಿಗೆ ನೋಡಿ, ಬಿಪಿ ನೋಡಿ, ಆಮೇಲೆ ಗೋವಿಂದರಾಜುವಿನ ಮುಖ ನೋಡಿ, “ಒಳಗೇ ಕಟ್ಕೊಂಡಿದೆ ಕಣ್ರೀ. ಎಲ್ಲಾದ್ರೂ ಆಚೆ ಕರ್ಕೊಂಡು ಹೋಗಿ. ನೀರು ಗೀರು ನೋಡಿದ್ರೆ ಮನಸ್ಸು ಬಿಚ್ಚುತ್ತೆ,” ಎಂದರು. ಅವರ ಮನಸ್ಸಿನಲ್ಲಿದ್ದದ್ದು ಜಿಲ್ಲೆಯೊಳಗೇ ಇರುವ ಮಾರ್ಕೋನಹಳ್ಳಿ ಡ್ಯಾಮು. ಗೋವಿಂದರಾಜು ಅದನ್ನು ಬ್ಯಾಂಕಾಕ್ ಎಂದು ಅರ್ಥಮಾಡಿಕೊಂಡ.

ಹಾಗೆ ಅರ್ಥಮಾಡಿಸಿದವನು ಕುಣಿಗಲ್ಲಿನ ಅನಂತರಾಜು, ಗೋವಿಂದರಾಜುವಿನ ಚಿಕ್ಕಪ್ಪನ ಮಗ. ಬಸ್‌ಸ್ಟ್ಯಾಂಡ್ ಹತ್ತಿರ ಪಹಣಿ ತೆಗೆದುಕೊಡುವ, ಆಧಾರ್ ತಿದ್ದಿಸುವ, ಲ್ಯಾಮಿನೇಷನ್ ಮಾಡುವ ಅಂಗಡಿ ಇಟ್ಟಿದ್ದ. ಇತ್ತೀಚೆಗೆ ಬೋರ್ಡಿನ ಕೊನೆಯ ಸಾಲಿನಲ್ಲಿ ‘ಫಾರಿನ್ ಟೂರ್’ ಎಂದೂ ಬರೆಸಿದ್ದ. ಮೊದಲ ಗಿರಾಕಿ ಅಣ್ಣನೇ ಆದದ್ದು ಅವನಿಗೆ ಶುಭಶಕುನವಾಗಿ ಕಂಡಿತು. ಅವನು ಕಳಿಸಿದ ಹೋಟೆಲ್ ಫೋಟೋದಲ್ಲಿ ಗಾಜಿನ ಕಟ್ಟಡವೊಂದು ಮುಗಿಲಿಗೆ ತಾಗಿತ್ತು. ನೆತ್ತಿಯ ಮೇಲೆ ಈಜುಕೊಳ, ಸುತ್ತ ತೆಂಗಿನ ಮರ.

“ಇಷ್ಟ್ ಕಮ್ಮಿಗೆ ಇದು ಹೆಂಗೋ ಸಿಗ್ತು?” ಎಂದು ಗೋವಿಂದರಾಜು ಕೇಳಿದ.

“ಆಫ್ ಸೀಜನ್ ಕಣಣ್ಣ. ಒತ್ತಬೇಕಾದ ಟೈಮಲ್ಲಿ ಒತ್ಬೇಕು ಅಷ್ಟೆ,” ಎಂದು ಅನಂತರಾಜು ಲ್ಯಾಮಿನೇಷನ್ ಮಿಷಿನ್ನು ಒತ್ತಿದ.

ಆ ಫೋಟೋ ಅಲ್ಲಿಗೇ ನಿಂತಿದ್ದರೆ ಇಲ್ಲಿ ಕತೆಯೇ ಇರುತ್ತಿರಲಿಲ್ಲ. ಅದು ಅಪ್ಪಾಜಿಯವರ ಕೈಗೆ ಸಿಕ್ಕಿತು. ಅಪ್ಪಾಜಿ ಬಡಾವಣೆ ಸಂಘದ ಅಧ್ಯಕ್ಷರು, ಕೊಬ್ಬರಿ ವ್ಯಾಪಾರಸ್ಥರು. ಬಡಾವಣೆಯಲ್ಲಿ ಯಾರು ಪಾಸಾದರೂ, ರಿಟೈರಾದರೂ, ಕಾಲವಾದರೂ ಅವರ ಕಡೆಯಿಂದ ಒಂದು ಫ್ಲೆಕ್ಸ್ ಏಳುತ್ತಿತ್ತು. ಅದರಲ್ಲಿ ಅಪ್ಪಾಜಿಯವರ ಮುಖ ದೊಡ್ಡದು, ಪಾಸಾದವರದೋ ಕಾಲವಾದವರದೋ ಚಿಕ್ಕದು. ಈ ಸಲದ ಫ್ಲೆಕ್ಸಿನಲ್ಲಿ ‘ವಿದೇಶ ಪ್ರವಾಸ ಕೈಗೊಂಡಿರುವ ನಮ್ಮ ಬಡಾವಣೆಯ ಹೆಮ್ಮೆ ಗೋವಿಂದರಾಜು ದಂಪತಿಗಳಿಗೆ ಹಾರ್ದಿಕ ಶುಭಾಶಯಗಳು’ ಎಂದಿತ್ತು. ಹಿಂದುಗಡೆ ಆ ಗಾಜಿನ ಹೋಟೆಲು. ನೋಡಿದ ಕೆಲವರು ಗೋವಿಂದರಾಜು ಹೋಟೆಲನ್ನೇ ಕೊಂಡಿದ್ದಾನೆಂದು ತಿಳಿದರು. ಹಾಲಿನವನು ಬೆಳಿಗ್ಗೆ ಎರಡು ಪ್ಯಾಕೆಟ್ ಜೊತೆಗೆ ಒಂದು ನಮಸ್ಕಾರವನ್ನೂ ಹಾಕಿ ಹೋದ. ಗೋವಿಂದರಾಜು ತಿದ್ದಲಿಲ್ಲ. ಬಂದ ನಮಸ್ಕಾರವನ್ನು ವಾಪಸು ಕೊಡುವ ಪದ್ಧತಿ ಯಾವ ಕಚೇರಿಯಲ್ಲಿದೆ?

ಬ್ಯಾಂಕಾಕಿನಲ್ಲಿ ಮಳೆ ಹಿಡಿದಿತ್ತು. ಟ್ಯಾಕ್ಸಿಯವನು ಅದೇ ಗಾಜಿನ ಕಟ್ಟಡದ ಮುಂದೆ ನಿಲ್ಲಿಸಿದಾಗ ಗೋವಿಂದರಾಜುವಿನ ಎದೆ ಹಿಗ್ಗಿತು. “ನೋಡೇ,” ಎಂದ. ಕೋಮಲಾ ನೋಡಿದಳು. ಸಮವಸ್ತ್ರದ ಕಾವಲುಗಾರ ಇವರ ಕಾಗದವನ್ನು ಓದಿ, ಮರುಕದಿಂದ ಕೈ ಎತ್ತಿ ರಸ್ತೆಯ ಆಚೆ ತೋರಿಸಿದ. ಅಲ್ಲಿ ಒಂದು ಟೈರಂಗಡಿಗೂ ಒಂದು ಮೀನಂಗಡಿಗೂ ನಡುವೆ, ಎರಡೂ ಸೇರಿ ಹಿಂಡುತ್ತಿರುವಂತೆ, ಒಂದು ಸಣಕಲು ಕಟ್ಟಡ ನಿಂತಿತ್ತು. ಅದರ ಹೆಸರಿನಲ್ಲಿ ‘ಗ್ರ್ಯಾಂಡ್’ ಎಂಬ ಪದವಿತ್ತು. ಎರಡಕ್ಷರ ಆಗಲೇ ಉದುರಿದ್ದವು.

ಸಂಗತಿ ಏನೆಂದರೆ, ಫೋಟೋದಲ್ಲಿದ್ದದ್ದು ಹೋಟೆಲಲ್ಲ. ಹೋಟೆಲಿನಿಂದ ಕಾಣುವ ನೋಟ.

ಆ ನೋಟವೂ ಇವರ ರೂಮಿನಿಂದ ಕಾಣುತ್ತಿರಲಿಲ್ಲ. ರೂಮಿನ ತುಂಬ ಮಂಚವೇ ಇತ್ತು. ಬಚ್ಚಲ ಬಾಗಿಲು ತೆಗೆಯಬೇಕಾದರೆ ಒಬ್ಬರು ಮಂಚ ಹತ್ತಬೇಕು, ಸೂಟ್‌ಕೇಸ್ ತೆಗೆಯಬೇಕಾದರೆ ಇಬ್ಬರೂ ಹತ್ತಬೇಕು. ಏಸಿ ತಂಪಿಗಿಂತ ನೀರನ್ನೇ ಹೆಚ್ಚು ಕೊಡುತ್ತಿತ್ತು. ಗೋಡೆಯ ಮೇಲೆ ತೇವ ಮೂಡಿಸಿದ ಕಲೆ ಶ್ರೀಲಂಕಾ ಭೂಪಟದಂತಿತ್ತು. ಒಂದು ಕಡೆ ಒಳ್ಳೆಯ ಕೆಂಪು ಪರದೆ ಇಳಿಬಿಟ್ಟಿತ್ತು. ಕೋಮಲಾ ಅದನ್ನು ಸರಿಸಿದಳು. ಹಿಂದೆ ಗೋಡೆ. ಅವಳು ಸ್ವಲ್ಪ ಹೊತ್ತು ಗೋಡೆ ನೋಡಿ, ದೇವಸ್ಥಾನದಲ್ಲಿ ನೈವೇದ್ಯದ ಹೊತ್ತಿಗೆ ತೆರೆ ಎಳೆಯುವಂತೆ ಮತ್ತೆ ಎಳೆದು ಮಂಚದ ಮೇಲೆ ಕೂತಳು.

ಗೋವಿಂದರಾಜು ಕೆಳಗಿಳಿದು, ಮೇಜಿನ ಹಿಂದಿದ್ದ ಹೆಂಗಸಿಗೆ ತನ್ನ ಇಂಗ್ಲಿಷಿನಲ್ಲಿ ಹೇಳಿದ. “ಮೇಡಂ, ಕಿಟಕಿ ಇಲ್ಲ.”

ಅವಳು ಮದುವೆ ಮನೆ ಬಾಗಿಲಲ್ಲಿ ನಿಂತ ಹೆಣ್ಣಿನ ಕಡೆಯವರಂತೆ ಕೈಮುಗಿದು, “ಇದೆ ಸರ್,” ಎಂದಳು.

“ಎಲ್ಲಿದೆ?”

“ಮೇಲಿನ ಮಹಡಿಯಲ್ಲಿ.”

“ನಮ್ಮ ರೂಮು ಕೆಳಗಿನ ಮಹಡಿ.”

“ಹೌದು ಸರ್. ಹೋಗಿ ನೋಡಬಹುದು. ಫ್ರೀ.”

ಕುಣಿಗಲ್ಲಿಗೆ ಫೋನ್ ಮಾಡಿದ. ಅನಂತರಾಜು ಗಾಬರಿಯಾಗಲಿಲ್ಲ. “ಅಣ್ಣ, ರೂಮಲ್ಲಿ ಏನ್ ಮಾಡ್ತೀಯ? ಮಲಗ್ತೀಯ. ಮಲ್ಗಿದಾಗ ಕಣ್ ಮುಚ್ಚಿರ್ತೀಯ. ಕಣ್ ಮುಚ್ಚಿರೋನಿಗೆ ಕಿಟಕಿ ಯಾಕಣ್ಣ?”

“ನಿಮ್ಮತ್ತಿಗೆ ಕಣ್ ಮುಚ್ತಾನೇ ಇಲ್ಲ ಕಣೋ. ಗೋಡೆ ನೋಡ್ತಾ ಕೂತವ್ಳೆ.”

“ತುಮಕೂರಲ್ಲೂ ಅದ್ನೇ ಅಲ್ವಾ ನೋಡ್ತಿದ್ದಿದ್ದು? ಇದು ಫಾರಿನ್ ಗೋಡೆ ಅಂದ್ಕೊ.”

ಗೋವಿಂದರಾಜು ಫೋನ್ ಕಟ್ ಮಾಡಿದ. ಮನಸ್ಸು ಬಿಚ್ಚಲೆಂದು ಕರೆತಂದವನು ಅವಳನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದಂತಾಗಿತ್ತು. ಇಲ್ಲಿಂದಲೂ ಅವಳು ಹೀಗೇ ಊರಿಗೆ ವಾಪಸಾದರೆ ಮುಂದೇನು ಎಂಬುದು ಅವನಿಗೂ ಡಾಕ್ಟರಿಗೂ ತಿಳಿದಿರಲಿಲ್ಲ.

ಹೀಗೆ ದಾರಿ ಕಾಣದಾದಾಗ ಮನುಷ್ಯ ಸತ್ಯ ಹೇಳಬೇಕು ಇಲ್ಲವೇ ಫೋಟೋ ತೆಗೆಸಿಕೊಳ್ಳಬೇಕು. ಗೋವಿಂದರಾಜು ರಸ್ತೆ ದಾಟಿ ಗಾಜಿನ ಹೋಟೆಲಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು, ಟೈರಂಗಡಿಯವನ ಕೈಲಿ ಫೋಟೋ ತೆಗೆಸಿ, ‘ಗುಬ್ಬಿ ಮನೆಯವರು’ ಎಂಬ ವಾಟ್ಸಾಪ್ ಗುಂಪಿಗೆ ಹಾಕಿದ. ಕೆಳಗೆ ‘ನಮ್ಮ ಹೋಟೆಲ್’ ಎಂದು ಬರೆದ. ಚಿಕ್ಕಮಾರಮ್ಮನ ದನಿ ಸಂದೇಶ ತಕ್ಷಣ ಬಂತು. “ಅಳಿಮಯ್ಯ, ಅಷ್ಟೆತ್ರುಕ್ಕೆ ಹತ್ತಿದೀಯಲ್ಲಪ್ಪ, ಕರೆಂಟ್ ಹೋದ್ರೆ ಹೆಂಗಿಳೀತೀಯ? ಕೋಮ್ಲುಂಗೆ ಮಂಡಿನೋವು ಬೇರೆ. ಒಂದ್ಕಿತ ಒಳಗೆಲ್ಲ ತೋರ್ಸು, ನೋಡನ.”

ತೋರಿಸದೆ ವಿಧಿಯಿರಲಿಲ್ಲ. ಮಾರನೆಯ ದಿನ ಬಿಳಿ ಅಂಗಿ ಹಾಕಿಕೊಂಡು ಗಾಜಿನ ಹೋಟೆಲಿನ ಲಾಬಿಗೆ ನುಗ್ಗಿ, ಗುಬ್ಬಿಗೆ ವಿಡಿಯೋ ಕಾಲ್ ಮಾಡಿ, ದೀಪದ ಗೊಂಚಲು ತೋರಿಸಿ, “ಇದು ನಮ್ ಹಾಲು,” ಎಂದ. ಕಾರಂಜಿ ತೋರಿಸಿ, “ಇದು ಬಚ್ಚಲಿಗೆ ಹೋಗೋ ದಾರೀಲಿ,” ಎಂದ. ಕೋಮಲಾ ಎಲ್ಲಿ ಎಂದು ಕೇಳಿದಾಗ, “ಈಜ್ತಾ ಇದಾಳೆ,” ಎಂದುಬಿಟ್ಟ. ಗುಬ್ಬಿಯವರು ಕಂಡಿದ್ದ ಕೋಮಲಾ ಊರ ಕೆರೆಯಲ್ಲಿ ಕಾಲು ತೊಳೆಯುವಾಗಲೂ ಸೆರಗು ನೆನೆಯದಂತೆ ಎತ್ತಿ ಹಿಡಿಯುತ್ತಿದ್ದ ಹುಡುಗಿ.

ಅವನು ರೂಮಿಗೆ ಹಿಂತಿರುಗಿದಾಗ ಈಜುತ್ತಿದ್ದವಳು ಮಂಚದ ಮೇಲೆ ಏಸಿ ನೀರಿಗೆ ಬಕೆಟ್ ಇಟ್ಟುಕೊಂಡು ಕೂತಿದ್ದಳು. ಫೋನ್ ಕಿವಿಯಿಂದ ಇಳಿಸಿ, “ಅಶ್ವಥ ಮಾಡಿದ್ದ,” ಎಂದಳು. ಅಶ್ವಥ್ ಅವಳ ತಮ್ಮ, ಗುಬ್ಬಿಯಲ್ಲೇ ಇರುವವನು.

“ಏನಂದ?”

“ನೀರು ತಣ್ಣಗಿತ್ತಾ ಅಂತ ಕೇಳ್ದ.”

ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಗೋವಿಂದರಾಜು ಬಕೆಟ್ ಎತ್ತಿ ಚೆಲ್ಲಲು ಹೋದ.

ಆ ಸಂಜೆಯೇ ಹೆಸರಿಲ್ಲದ ನಂಬರಿನಿಂದ ಫೋನ್ ಬಂತು. ಮೊದಲು ಗಂಟಲು ಕ್ಯಾಕರಿಸಿದ ಸದ್ದು, ಆಮೇಲೆ, “ಹಂಗಲ್ಲ ಗೋವಿಂದರಾಜು, ನಾನಪ್ಪ, ಅಪ್ಪಾಜಿ.”

“ಸಾರ್, ನಮಸ್ಕಾರ.”

“ಹಂಗಲ್ಲ, ನಮ್ ಕೊಬ್ಬರಿ ವರ್ತಕರದ್ದೊಂದು ಟೂರು ದಿಢೀರ್ ಅಂತ ಹೊರಡ್ತು. ಬ್ಯಾಂಕಾಕಲ್ಲೇ ಇದೀನಿ ಕಣಯ್ಯ. ಇಲ್ಲಿಂದೇ ಸಿಮ್ ಹಾಕ್ಸಿದೀನಿ. ನಮ್ಮನೆಯವ್ರೂ ಬಂದವ್ರೆ, ಬೀಗರೂ ಬಂದವ್ರೆ. ನಾಳೆ ಮಧ್ಯಾಹ್ನದ ಮೇಲೆ ನಿಮ್ ಹೋಟ್ಲಿಗೇ ಬಂದು ಒಂದೊಂದ್ ಲೋಟ ಕಾಫಿ ಕುಡ್ಕೊಂಡು ಹೋಗ್ತೀವಿ. ಫ್ಲೆಕ್ಸಲ್ಲಿ ನೋಡಿರೋದೇ, ದಾರಿ ಕೇಳೋದೇನಿಲ್ಲ.”

ಮನೆಗೆ ಬರುತ್ತೇವೆ ಎಂದವರಿಗೆ ಬೇಡಿ ಎನ್ನುವ ಶಬ್ದ ತುಮಕೂರು ಜಿಲ್ಲೆಯಲ್ಲಿ ಇನ್ನೂ ಚಾಲ್ತಿಗೆ ಬಂದಿಲ್ಲ. ಗೋವಿಂದರಾಜುವಿನ ಬಾಯಿ, ಅವನನ್ನು ಒಂದು ಮಾತೂ ಕೇಳದೆ, “ಅದಕ್ಕೇನ್ ಸಾರ್, ನಿಮ್ಮದೇ ಮನೆ, ಬನ್ನಿ,” ಎಂದುಬಿಟ್ಟಿತು.

ಓದುವವರನ್ನು ಸುಮ್ಮನೆ ಕಾಯಿಸುವುದು ನ್ಯಾಯವಲ್ಲ. ನಿಜವಾದ ಅಪ್ಪಾಜಿ ಆ ಹೊತ್ತಿನಲ್ಲಿ ಬಟವಾಡಿಯ ತಮ್ಮ ಮನೆಯ ಜಗಲಿಯ ಮೇಲೆ ಕೂತು ಮುಂದಿನ ಫ್ಲೆಕ್ಸಿಗೆ ಯಾರು ಸಿಗಬಹುದೆಂದು ಯೋಚಿಸುತ್ತಿದ್ದರು. ಫೋನಿನಲ್ಲಿದ್ದವನು ಅಶ್ವಥ್. ಯಾರ ದನಿ ಕೇಳಿದರೂ ಆ ದನಿ ಅವನ ಗಂಟಲಿಗೆ ಅಡ್ವಾನ್ಸ್ ಕೊಡದೆ ಬಾಡಿಗೆಗೆ ಬರುತ್ತಿತ್ತು. ಅಕ್ಕನ ಮನೆಗೆ ಬಂದಾಗಲೆಲ್ಲ ಅಪ್ಪಾಜಿಯವರ ‘ಹಂಗಲ್ಲ’ ಕೇಳಿದ್ದ. ಸ್ನೇಹಿತನ ಫೋನಿನಿಂದ ಮಾಡಿದ್ದ. ನಂಬರಿನ ಮುಂದೆ ನಮ್ಮ ದೇಶದ ಕೋಡು ತೊಂಬತ್ತೊಂದೇ ಇತ್ತು. ಸಿಮ್ ಇಲ್ಲಿಯದು ಎಂಬ ಮಾತು ಕಿವಿಗೆ ಬಿದ್ದಿದ್ದರಿಂದ ಗೋವಿಂದರಾಜುವಿನ ಕಣ್ಣು ನಂಬರನ್ನು ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ.

ಅವನಿಗೆ ಕಂಡ ಕಷ್ಟವೇ ಬೇರೆ. “ಕೋಮಲಾ, ಅಪ್ಪಾಜಿ ಹೆಂಡ್ತಿ ಬರ್ತಾರೆ, ಬೀಗಿತ್ತೀರು ಬರ್ತಾರೆ. ಕಾಫಿ ಕೊಟ್ಟು ಬರಿಗೈಲಿ ಕಳಿಸಕ್ಕಾಗುತ್ತಾ?”

ಹೆಣ್ಣುಮಕ್ಕಳನ್ನು ಎಲೆ ಅಡಿಕೆ, ಅರಿಶಿನ ಕುಂಕುಮ, ತೆಂಗಿನಕಾಯಿ ಇಲ್ಲದೆ ಹೊಸಿಲು ದಾಟಿಸಬಾರದು. ಅದು ಗುಬ್ಬಿ ಮನೆಯ ಕಟ್ಟಳೆ. ಗಿರಿಯಮ್ಮನಂತೂ ಜನಗಣತಿಗೆ ಬಂದ ಮೇಷ್ಟರಮ್ಮನಿಗೂ ಕಾಯಿ ಕೊಟ್ಟು ಕಳಿಸಿದವರು. ಹೊಸಿಲೇ ನಮ್ಮದಲ್ಲವಲ್ಲ ಎಂಬ ತಕರಾರು ಗೋವಿಂದರಾಜುವಿಗೆ ಹೊಳೆಯಲಿಲ್ಲ.

“ಬೇಕೇನ್ರೀ ಇದೆಲ್ಲ?” ಎಂದು ಕೋಮಲಾ ಗೋಡೆಯ ಕಡೆಗೆ ಹೇಳಿದಳು.

“ನಿಮ್ಮಮ್ಮ ಇದ್ದಿದ್ರೆ ಸುಮ್ನೆ ಇರ್ತಿದ್ರಾ?”

ಗೋವಿಂದರಾಜು ನಾಲಿಗೆ ಕಚ್ಚಿಕೊಂಡು ಕೊಡೆ ಹಿಡಿದು ಹೊರಟ.

ಎಲೆ ಸಿಕ್ಕಿತು. ಅಡಿಕೆಯೂ ಸಿಕ್ಕಿತು. ಅರಿಶಿನ ಕುಂಕುಮ ಕೋಮಲಾಳ ಚೀಲದಲ್ಲೇ ಇತ್ತು. ಸಿಗದೆ ಹೋದದ್ದು ಕಾಯಿ. ಊರು ತುಂಬ ತೆಂಗು, ಆದರೆ ಅಂಗಡಿಯವರು ಎಳನೀರನ್ನು ಸಿಪ್ಪೆ ಹೆರೆದು, ಬಿಳಿ ಮಾಡಿ, ತಲೆಯನ್ನು ಚೂಪಾಗಿ ಕೆತ್ತಿ ಇಟ್ಟಿದ್ದರು. ಗೋವಿಂದರಾಜುವಿಗೆ ಬೇಕಾದದ್ದು ಜುಟ್ಟಿರುವ ಕಾಯಿ. ಜುಟ್ಟಿಗೆ ಅವನಿಗೆ ಇಂಗ್ಲಿಷ್ ಗೊತ್ತಿರಲಿಲ್ಲ, ಅವರಿಗೆ ಕನ್ನಡ ಗೊತ್ತಿರಲಿಲ್ಲ. ತನ್ನ ನೆತ್ತಿಯ ಮೇಲೆ ಉಳಿದಿದ್ದ ಕೂದಲನ್ನು ಮುಷ್ಟಿಯಲ್ಲಿ ಮೇಲಕ್ಕೆ ಎಳೆದು, “ಹೀಗೆ, ಹೀಗೆ,” ಎಂದು ತೋರಿಸಿದ. ಅಂಗಡಿಯ ಮುದುಕಿ ಅವನ ದುಃಖವನ್ನು ಪೂರ್ತಿ ಅರಿತುಕೊಂಡವಳಂತೆ ತಲೆಯಾಡಿಸಿ, ತೋಳು ಹಿಡಿದು ನಡೆಸಿಕೊಂಡು ಹೋಗಿ ಒಂದು ಕ್ಷೌರದಂಗಡಿಯಲ್ಲಿ ಕೂರಿಸಿದಳು. ಅಲ್ಲಿಂದ ತಪ್ಪಿಸಿಕೊಂಡು ಬರುವ ಹೊತ್ತಿಗೆ ಒಂದು ಕಿವಿಯ ಮೇಲಿನ ಕೂದಲು ಹೋಗಿತ್ತು.

ಮಾರನೆಯ ಮಧ್ಯಾಹ್ನ ಗಾಜಿನ ಹೋಟೆಲಿನ ಲಾಬಿಗೆ, ಮಳೆಯಲ್ಲಿ ಅರ್ಧ ನೆನೆದ ದಂಪತಿಗಳು ಬಂದರು. ಕೋಮಲಾ ರೇಷ್ಮೆ ಸೀರೆ ಉಟ್ಟಿದ್ದಳು. ಗೋವಿಂದರಾಜು ತನ್ನ ಹೋಟೆಲಿನಿಂದ ಕೆಟಲ್ ಇಡುವ ತಟ್ಟೆಯನ್ನು ಅವಳ ಸೆರಗಿನ ಮರೆಯಲ್ಲಿ ತರಿಸಿ, ಅದರ ಮೇಲೆ ಎಲೆ ಅಡಿಕೆ ಹರಡಿ, ನಡುವೆ ಕೆತ್ತಿದ ಬಿಳಿಯ ಎಳನೀರನ್ನಿಟ್ಟ. ಗಾಜಿನ ಮೇಜಿನ ಮೇಲೆ ಅದು ಯಾವುದೋ ಮಠದ ಗೋಪುರದ ಮಾದರಿಯಂತೆ ಕಂಡಿತು.

“ಜುಟ್ಟಿರೋದು ಸಿಗ್ಲಿಲ್ಲ ಕಣೇ,” ಎಂದ.

ಕೋಮಲಾ ಕಾಯಿಯನ್ನು ನೋಡಿದಳು, ಗಂಡನ ಬೋಳು ಕಿವಿಯನ್ನು ನೋಡಿದಳು. ತುಟಿಯ ಕೊನೆ ಒಂದು ಸಲ ಅಲುಗಿತು. ಅವಳು ಮುಖವನ್ನು ಕಾರಂಜಿಯ ಕಡೆ ತಿರುಗಿಸಿಕೊಂಡಳು.

ಕಪ್ಪು ಕೋಟಿನ ಮ್ಯಾನೇಜರು ಬಂದು, ಯಾವ ರೂಮಿನವರು ಎಂದು ವಿನಯದಿಂದ ಕೇಳಿದ. “ಗೆಸ್ಟ್ ಬರ್ತಾರೆ,” ಎಂದ ಗೋವಿಂದರಾಜು. ನೀವು ಗೆಸ್ಟೇ ಎಂದು ಅವನು ಕೇಳಿದ. “ಅವರು ನಮಗೆ ಗೆಸ್ಟು, ನಾವು ನಿಮಗೆ,” ಎಂದು ಗೋವಿಂದರಾಜು ತರ್ಕಬದ್ಧವಾಗಿಯೇ ಉತ್ತರಿಸುವಷ್ಟರಲ್ಲಿ ಫೋನ್ ಬಂತು.

“ಹಂಗಲ್ಲ ಗೋವಿಂದರಾಜು, ನಾವು ಬಂದ್ವಲ್ಲ. ಬಾಗ್ಲಲ್ಲೇ ಇದೀವಿ. ನೀನೆಲ್ಲಯ್ಯ?”

“ನಾನೂ ಬಾಗ್ಲ ಹತ್ರಾನೇ ಬಂದೆ ಸಾರ್, ನೀವ್ ಕಾಣ್ತಿಲ್ಲ.”

“ಕೈ ಎತ್ತು.”

ಎತ್ತಿದ.

“ಕಾಣ್ಸಲ್ಲ ಕಣಯ್ಯ, ಏನಾದ್ರೂ ಹಿಡ್ಕೊಂಡು ಎತ್ತು.”

ಗೋವಿಂದರಾಜು ಓಡಿ ಹೋಗಿ ಕಾಯಿ ತಂದು ತಲೆಯ ಮೇಲೆ ಎತ್ತಿ ಹಿಡಿದ.

“ಬೀಗರು ಎಡಗಡೆ ಅವ್ರೆ, ಹಂಗೇ ಒಂದು ಸುತ್ತು ಸುತ್ತು.”

ಅವನು ಸುತ್ತಿದ. ಕಾಯಿ ಎತ್ತಿ ಹಿಡಿದು, ದೃಷ್ಟಿ ತೆಗೆಯುವವನ ಹಾಗೆ, ಬ್ಯಾಂಕಾಕಿನ ಐಷಾರಾಮಿ ಲಾಬಿಯ ನಟ್ಟನಡುವೆ ನಿಧಾನವಾಗಿ ತಿರುಗಿದ. ಲಗೇಜು ತಳ್ಳುವವರು ನಿಂತರು. ಒಬ್ಬ ಬಿಳಿಯ ಮುದುಕ ಇದು ಹೋಟೆಲಿನ ಸಾಂಸ್ಕೃತಿಕ ಕಾರ್ಯಕ್ರಮವೆಂದು ಭಾವಿಸಿ ಚಪ್ಪಾಳೆ ತಟ್ಟಿದ. ಕಾವಲುಗಾರರಿಬ್ಬರು ಗೋವಿಂದರಾಜುವಿನ ಎರಡೂ ಬದಿಗೆ ಬಂದು ನಿಂತರು. ಅವರ ಕಣ್ಣು ಕಾಯಿಯ ಚೂಪು ತುದಿಯ ಮೇಲಿತ್ತು.

ಆಗ ಸೋಫಾದ ಕಡೆಯಿಂದ ಒಂದು ಸದ್ದು ಬಂತು. ಬಹಳ ದಿನ ತೆಗೆಯದ ಬೀರುವಿನ ಬಾಗಿಲು ಕಿರುಗುಟ್ಟಿದಂತಿತ್ತು. ಗೋವಿಂದರಾಜು ತಿರುಗಿ ನೋಡಿದ. ಕೋಮಲಾ ಬಾಯಿಗೆ ಸೆರಗು ತುರುಕಿಕೊಂಡು ಬಗ್ಗಿದ್ದಳು. ಭುಜ ಅಲುಗುತ್ತಿತ್ತು. ಇನ್ನೊಂದು ಕೈಲಿ ಅವಳ ಫೋನಿತ್ತು, ಅದೂ ಗುಬ್ಬಿಗೆ ವಿಡಿಯೋದಲ್ಲಿ ತೆರೆದೇ ಇತ್ತು. “ಸಾಕು ಬಿಡೋ ಅಶ್ವಥ,” ಎಂದು ಅವಳು ಉಸಿರು ಸಿಗದೆ ಹೇಳಿದಳು. “ನಿಮ್ ಭಾವನ್ನ ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತಾರೆ.”

ಗೋವಿಂದರಾಜುವಿನ ಕಿವಿಯಲ್ಲಿದ್ದ ಅಪ್ಪಾಜಿ ಗಂಟಲು ಕ್ಯಾಕರಿಸಿ, “ಹಂಗಲ್ಲ ಭಾವ,” ಎಂದರು. ಆಮೇಲೆ ಆ ದನಿ ಕಳಚಿ ಬಿದ್ದು ಅಶ್ವಥನ ದನಿ ಉಳಿಯಿತು. “ಅಕ್ಕನೇ ಹೇಳಿದ್ದು. ನನ್ ತಪ್ಪಿಲ್ಲ.”

“ನೀನಾ?” ಎಂದ ಗೋವಿಂದರಾಜು.

“ಈಜ್ತಾ ಇದಾಳೆ ಅಂದ್ರಲ್ಲ,” ಎಂದಳು ಕೋಮಲಾ. “ಬಕೆಟ್ ಇಟ್ಕೊಂಡು ಕೂತಿದ್ನಲ್ರೀ ನಾನು.” ಮತ್ತೆ ನಗು ಒತ್ತಿ ಬಂತು. ಈ ಸಲ ಸೆರಗಿಗೆ ಅದು ನಿಲ್ಲಲಿಲ್ಲ.

ಸಿಟ್ಟು ಬರಬೇಕಾದ ಜಾಗ ಅದು. ಸಿಟ್ಟು ಹೊರಟದ್ದೂ ನಿಜ, ಮೂಗಿನವರೆಗೆ ಬಂದಿತ್ತು. ಆದರೆ ಹೆಂಡತಿಯ ಹಲ್ಲು ನೋಡಿ ವರ್ಷವಾಗಿದ್ದ ಗಂಡಸು ಅವನು. ನೋಡುತ್ತಾ ನಿಂತುಬಿಟ್ಟ. ಮ್ಯಾನೇಜರು ಮತ್ತೆ, ದಯವಿಟ್ಟು ತಮ್ಮ ರೂಮು ಯಾವುದು, ಎಂದು ಕೇಳಿದ. ಗೋವಿಂದರಾಜು ಕಾಯಿ ಹಿಡಿದ ಕೈಯನ್ನು ರಸ್ತೆಯ ಆಚೆಗೆ ಚಾಚಿ, “ಅದು,” ಎಂದ. “ಟೈರು ಮೀನು ಮಧ್ಯದ್ದು. ಕಿಟಕಿ ಇಲ್ಲ.” ಎಂದವನಿಗೆ ಅಲ್ಲಿಂದಲೇ ನಗು ಹತ್ತಿತು. ಹೊಟ್ಟೆ ಹಿಡಿದುಕೊಂಡು ಬಂದು ಸೋಫಾದ ಮೇಲೆ ಕುಸಿದ. ಎಳನೀರು ಇಬ್ಬರ ನಡುವೆ ಕೂತಿತು.

ಕೋಮಲಾ ಅದನ್ನು ಮಡಿಲಿಗೆ ಎತ್ತಿಕೊಂಡು, ರೂಢಿಯಂತೆ ಬೆರಳಿನಿಂದ ಒಮ್ಮೆ ಬಡಿದು ಕಿವಿಗಿಟ್ಟುಕೊಂಡಳು. “ಅಮ್ಮ ನೋಡಿದ್ರೆ,” ಎಂದಳು ನಗುತ್ತಲೇ, “ಪೆನ್ಸಿಲ್ ಹೆರ್ದಂಗೆ ಹೆರ್ದವ್ರಲ್ಲ, ಇದನ್ನ ಯಾವಳಿಗೆ ಕೊಟ್ಟು ಕಳಿಸ್ಲೇ ಅಂತಿದ್ಲು. ಇದನ್ನ ಯಾವಳಿಗೆ...”

ಮಾತು ಅಲ್ಲಿಗೆ ಕಡಿಯಿತು. ನಗು ಅದೇ ದನಿಯಲ್ಲಿ ಮುಂದುವರಿಯಿತು, ಆದರೆ ಅದು ನಗುವಾಗಿರಲಿಲ್ಲ. ಕಾಯಿಯನ್ನು ಎದೆಗೆ ಅವುಚಿಕೊಂಡು ಅವಳು ಬಗ್ಗಿದಳು. ಬೆಳ್ಳಗೆ ಹೆರೆದ ತೆಂಗಿನ ಮೇಲೆ ಹನಿ ಬೀಳತೊಡಗಿತು. ಕಾವಲುಗಾರರು ನೋಡುತ್ತಿದ್ದರು, ಮ್ಯಾನೇಜರು ನೋಡುತ್ತಿದ್ದ, ಫೋನಿನೊಳಗಿಂದ ಗುಬ್ಬಿಯೂ, “ಅಕ್ಕಾ, ನಗ್ತಿದೀಯಾ?” ಎಂದು ಇಣುಕುತ್ತಿತ್ತು.

ಗೋವಿಂದರಾಜು ಅವಳ ಫೋನನ್ನು ತಟ್ಟೆಯ ಮೇಲೆ ಬೋರಲು ಹಾಕಿದ. ಹೆಂಡತಿಗೆ ಮರೆಯಾಗುವಂತೆ ಸರಿದು ಕೂತು, ಆ ಸದ್ದು ಯಾರಿಗೂ ಕೇಳಿಸದಿರಲೆಂದು, ಇಡೀ ಲಾಬಿಯೇ ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಅವಳ ಬಿಕ್ಕು ಏರಿದಾಗಲೆಲ್ಲ ಇನ್ನೂ ಜೋರಾಗಿ ನಕ್ಕ.